ಗೋವಿನಜೋಳದ ಸಕ್ಕರೆಯಿಂದ ನೂಲಿನ ತನಕ: ಬ್ಯಾಕ್ಟೀರಿಯಾ ಮಾಡುವ ಕೆಲಸ

ಪ್ರಶ್ನೆ: ನಮ್ಮದು ಆರು ಎಕರೆ ಹೊಲ, ಪೂರ್ತಿ ಗೋವಿನಜೋಳ. ಮಗಳು ಹುಬ್ಬಳ್ಳಿಯಲ್ಲಿ ಬಯೋಟೆಕ್ನಾಲಜಿ ಓದುತ್ತಾಳೆ. ಮೊನ್ನೆ ಊರಿಗೆ ಬಂದಾಗ, "ಅಪ್ಪಾ, ಇದೇ ಜೋಳದ ಸಕ್ಕರೆ ತಿಂದು ಬ್ಯಾಕ್ಟೀರಿಯಾ ಬಟ್ಟೆ ನೂಲಿಗೆ ಬೇಕಾದ ಕೆಮಿಕಲ್ ಮಾಡ್ತಾವೆ" ಎಂದಳು. ನಿಜವೇ? ನಿಜವಾದರೆ ಎಲ್ಲ ಕಡೆ ಯಾಕೆ ಮಾಡುತ್ತಿಲ್ಲ? ನಮ್ಮ ಬೆಳೆಗೆ ಇದರಿಂದ ರೇಟು ಜಾಸ್ತಿ ಸಿಗುತ್ತಾ?
(ಒಬ್ಬ ರೈತರು, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ಮಗಳು ಹೇಳಿದ್ದು ನಿಜ, ಯಜಮಾನರೆ. ಅಮೆರಿಕದ ಟೆನೆಸ್ಸಿ ರಾಜ್ಯದ ಲೌಡನ್ ಎಂಬ ಊರಿನಲ್ಲಿ 2006ರಲ್ಲಿ ಇಂಥ ಕಾರ್ಖಾನೆ ಶುರುವಾಯಿತು. ಡ್ಯೂಪಾಂಟ್ ಮತ್ತು ಟೇಟ್ ಆ್ಯಂಡ್ ಲೈಲ್ ಕಂಪನಿಗಳು ಸೇರಿ ಕಟ್ಟಿದ್ದು. ಗೋವಿನಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ದೊಡ್ಡ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗೆ ಉಣ್ಣಿಸುತ್ತಾರೆ. ಅವು ಪ್ರೊಪೇನ್‌ಡಯಾಲ್ ಎಂಬ ದ್ರವ ಮಾಡಿ ಹೊರಗೆ ಬಿಡುತ್ತವೆ. ಅದರಿಂದ ಕಾರ್ಪೆಟ್ಟು, ಬಟ್ಟೆಗೆ ನೂಲು ತಯಾರಾಗುತ್ತದೆ. ಒಂದು ಮಾತು ಮಾತ್ರ ಸೇರಿಸಬೇಕು. ಆ ನೂಲಿನ ತೂಕದಲ್ಲಿ ಜೋಳದಿಂದ ಬಂದದ್ದು ಶೇ 37ರಷ್ಟು. ಉಳಿದದ್ದು ಪೆಟ್ರೋಲಿಯಂ ಮೂಲದ್ದೇ.

ಕೆಲಸ ಹೇಗೆ ನಡೆಯುತ್ತದೆ ಎನ್ನುವುದು ನಿಮಗೆ ಬೇಗ ತಿಳಿಯುತ್ತದೆ. ನೀವು ಹೊಲಕ್ಕೆ ನೀರು ಬಿಡುವವರು. ಒಂದು ಸಾಲಿನ ಬಾಯಿಗೆ ಮಣ್ಣು ಹಾಕಿ ಕಟ್ಟುತ್ತೀರಿ, ಇನ್ನೊಂದರ ಬಾಯಿ ಬಿಡಿಸುತ್ತೀರಿ. ನೀರು ಅಷ್ಟೇ ಇರುತ್ತದೆ, ಹೋಗುವ ದಾರಿ ಬದಲಾಗುತ್ತದೆ. ಬ್ಯಾಕ್ಟೀರಿಯಾದ ಒಳಗೆ ನೀರಿನ ಬದಲು ಸಕ್ಕರೆ ಹರಿಯುತ್ತದೆ. ಇಲ್ಲಿ ಬಳಸಿದ್ದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದರ ಕಾಡು ತಳಿಗಳು ನಮ್ಮ ಕರುಳಿನಲ್ಲೇ ಇರುತ್ತವೆ. ಸಕ್ಕರೆ ಸಿಕ್ಕರೆ ಅದು ತಾನು ಬೆಳೆಯುತ್ತದೆ, ಅನುಕೂಲ ಇದ್ದರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಜೊತೆಗೆ ಒಂದಿಷ್ಟು ಆಮ್ಲ ಬಿಡುತ್ತದೆ. ನಮಗೆ ಬೇಕಾದ ದ್ರವ ಮಾಡುವ ದಾರಿ ಮಾತ್ರ ಅದರಲ್ಲಿ ಇಲ್ಲ.

ಹಾಗಾಗಿ ದಾರಿಯನ್ನು ಬೇರೆಯವರಿಂದ ಕಡ ತಂದರು. ಸಕ್ಕರೆಯಿಂದ ಗ್ಲಿಸರಾಲ್ ಎಂಬ ನಡುದಾರಿಯ ವಸ್ತು ಮಾಡುವುದು ಬ್ರೆಡ್ಡು ಉಬ್ಬಿಸುವ ಯೀಸ್ಟಿಗೆ ಗೊತ್ತು. ಅಲ್ಲಿಂದ ಎರಡು ಜೀನು, ಅಂದರೆ ಆ ಕೆಲಸದ ಸೂಚನೆ ಇರುವ ಡಿಎನ್‌ಎ ತುಣುಕು, ತಂದರು. ಗ್ಲಿಸರಾಲನ್ನು ಮುಂದಕ್ಕೆ ಒಯ್ಯುವುದು ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾಗೆ ಗೊತ್ತು. ಆ ಜೀನುಗಳನ್ನೂ ತಂದರು. ಕೊನೆಯ ಹೆಜ್ಜೆಗೂ ಕ್ಲೆಬ್ಸಿಯೆಲ್ಲಾದ ಕಿಣ್ವವನ್ನೇ, ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಮಾಡುವ ಪ್ರೋಟೀನನ್ನೇ, ಹಾಕಿ ನೋಡಿದರು. ಆದರೆ ಇ. ಕೋಲೈ ಒಳಗೆ ಮೊದಲಿನಿಂದಲೂ ಸುಮ್ನೆ ಕೂತಿದ್ದ ಒಂದು ಕಿಣ್ವ ಅದಕ್ಕಿಂತ ಚೆನ್ನಾಗಿ ಆ ಕೆಲಸ ಮಾಡಿತು. ಈ ಕಥೆಯಲ್ಲಿ ನನಗೆ ತುಂಬ ಇಷ್ಟದ ಭಾಗ ಇದೇ. ಆಳು ಹುಡುಕಿಕೊಂಡು ಊರೂರು ತಿರುಗಿದ್ದಾಯಿತು, ಕೆಲಸ ಬಲ್ಲವನು ಮನೆಯಲ್ಲೇ ಇದ್ದ.

ಇನ್ನು ಎಲ್ಲ ಕಡೆ ಯಾಕಿಲ್ಲ? ಜೀನು ಸೇರಿಸುವುದು ಈಗ ಕಷ್ಟದ ಕೆಲಸವಲ್ಲ, ಕಾಲೇಜು ಲ್ಯಾಬಿನಲ್ಲೂ ಮಾಡುತ್ತಾರೆ. ಕಷ್ಟ ಇರುವುದು ಲೆಕ್ಕದಲ್ಲಿ. 100 ಕಿಲೊ ಗ್ಲೂಕೋಸ್ ಕೊಟ್ಟರೆ ಎಥೆನಾಲ್ ಸಿಗುವುದು ಹೆಚ್ಚೆಂದರೆ 51 ಕಿಲೊ. ಉಳಿದದ್ದು ಗಾಳಿಯಾಗಿ ಹಾರಿ ಹೋಗುತ್ತದೆ. ಎಂಥ ಜಾಣರು ಜೀನು ತಿದ್ದಿದರೂ ಈ ಗಡಿ ದಾಟುವುದಿಲ್ಲ. ಅದೇ 100 ಕಿಲೊದಿಂದ ಲ್ಯಾಕ್ಟಿಕ್ ಆಮ್ಲ, ಅಂದರೆ ಮೊಸರನ್ನು ಹುಳಿ ಮಾಡುವ ಆಮ್ಲ, 100 ಕಿಲೊ ತನಕ ಬರಬಹುದು. ಮಣ್ಣಿನಲ್ಲಿ ಕೊಳೆಸಬಹುದು ಎನ್ನುವ ಪಿಎಲ್‌ಎ ಪ್ಲಾಸ್ಟಿಕ್ ಈ ಆಮ್ಲದಿಂದಲೇ ಆಗುವುದು. ಅದು ತಿಪ್ಪೆಯಲ್ಲಿ ಸುಮ್ನೆ ಬಿದ್ದರೆ ಬೇಗ ಕೊಳೆಯುವುದಿಲ್ಲ, 60 ಡಿಗ್ರಿ ಆಸುಪಾಸಿನ ಬಿಸಿ ಗೊಬ್ಬರದ ಘಟಕ ಬೇಕು. ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಎರಡನೇ ಕಷ್ಟ ನೀರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಖೈಮ್ ವೈಜ್‌ಮನ್ ಎಂಬ ರಸಾಯನ ವಿಜ್ಞಾನಿ, ಪಿಷ್ಟದಿಂದ ಅಸಿಟೋನ್ ಮತ್ತು ಬ್ಯುಟನಾಲ್ ಎಂಬ ದ್ರವಗಳನ್ನು ಮಾಡುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾವನ್ನು ಕಾರ್ಖಾನೆಗೆ ತಂದರು. ಮದ್ದುಗುಂಡಿಗೆ ಅಸಿಟೋನ್ ಬೇಕಿತ್ತು. ಕಚ್ಚಾ ಮಾಲು ಯಾವುದು ಗೊತ್ತಾ? ಗೋವಿನಜೋಳ! ಆಗ ಜೀನು ತಿದ್ದುವ ಮಾತೇ ಇರಲಿಲ್ಲ, ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಒಳ್ಳೆಯದನ್ನು ಆರಿಸಿದ್ದರು ಅಷ್ಟೇ. ಆದರೆ ಲೀಟರಿಗೆ 13 ಗ್ರಾಂ ಆಸುಪಾಸು ಬ್ಯುಟನಾಲ್ ಆಗುವಷ್ಟರಲ್ಲಿ ಅದೇ ಬ್ಯುಟನಾಲ್ ಆ ಬ್ಯಾಕ್ಟೀರಿಯಾಗೆ ವಿಷವಾಗುತ್ತದೆ. ಉಳಿದದ್ದೆಲ್ಲ ನೀರು. ಅದನ್ನು ಕಾಯಿಸಿ ಬೇರೆ ಮಾಡಲು ಎಷ್ಟು ಉರುವಲು ಬೇಕು ಯೋಚಿಸಿ. ಎರಡನೇ ಮಹಾಯುದ್ಧದ ನಂತರ ಪೆಟ್ರೋಲಿಯಂನಿಂದ ಅಸಿಟೋನ್ ಅಗ್ಗವಾಗಿ ಸಿಕ್ಕಿದ್ದೇ ತಡ, ಈ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಲೌಡನ್ನಿನ ತಳಿ ಬದುಕಿದ್ದು ಯಾಕೆಂದರೆ ಅದು ಲೀಟರಿಗೆ 100 ಗ್ರಾಂ ದಾಟಿ ಕೊಟ್ಟಿತು.

ಮೂರನೆಯದು ಟ್ಯಾಂಕಿನ ಕಷ್ಟ. ನಾನು ಸಂಶೋಧನೆ ಮಾಡುವಾಗ ಒಂದು ರಾತ್ರಿ ಕರೆಂಟು ಹೋಯಿತು, ಜನರೇಟರ್ ಹೊತ್ತಲಿಲ್ಲ. ಟ್ಯಾಂಕು ಬರೀ ಐದು ಲೀಟರಿನದು. ಗಾಳಿ ನಿಂತಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹುಳಿ ವಾಸನೆ. ಗಾಳಿ ಇಲ್ಲದ ಬ್ಯಾಕ್ಟೀರಿಯಾ ನಮಗೆ ಬೇಕಾದ್ದು ಬಿಟ್ಟು ಆಮ್ಲ ಮಾಡಿಕೊಂಡು ಕೂತಿತ್ತು. ಹತ್ತು ದಿನದ ತಯಾರಿ ನೀರಾಯಿತು. ಐದು ಲೀಟರಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಲಕ್ಷಗಟ್ಟಲೆ ಲೀಟರಿನ ಟ್ಯಾಂಕು ನಡೆಸುವವರ ಎದೆ ಎಷ್ಟು ಗಟ್ಟಿ ಇರಬೇಕು!

ರೇಟಿನ ಬಗ್ಗೆ ನಿಮಗೆ ಆಸೆ ಹುಟ್ಟಿಸಿ ಮೋಸ ಮಾಡಲಾರೆ. ಈ ಉದ್ಯಮ ಬದುಕುವುದೇ ಸಕ್ಕರೆ ಅಗ್ಗವಾಗಿ ಸಿಕ್ಕರೆ. ಕೊಳ್ಳುವವರು ಹೆಚ್ಚುತ್ತಾರೆ, ಅದು ಒಳ್ಳೆಯದೇ. ಆದರೆ ಅವರು ಒಳ್ಳೆಯ ರೇಟು ಕೊಟ್ಟೇ ಕೊಡುತ್ತಾರೆ ಎಂದು ನಂಬಿ ಸಾಲ ಮಾಡಬೇಡಿ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ, ಜೀವಿಗಳಿಂದ ವಸ್ತು ತಯಾರಿಸುವ ಉದ್ಯಮಕ್ಕೆ ಉತ್ತೇಜನ ಕೊಡುವ ಬಯೋಇ3 ನೀತಿಯಲ್ಲಿ ಇಂಥ ಕೆಮಿಕಲ್‌ಗಳಿಗೂ ಜಾಗವಿದೆ. ಹಾವೇರಿಯಂಥ ಗೋವಿನಜೋಳದ ಜಿಲ್ಲೆಗೆ ಕಾರ್ಖಾನೆ ಬಂದರೆ, ರೈತರು ಗುಂಪಾಗಿ ಹೋಗಿ ಬಿತ್ತನೆಗೆ ಮುಂಚೆಯೇ ರೇಟು ಬರೆಸಿಕೊಳ್ಳಬೇಕು.

ಪ್ರಶ್ನೆ: ಹೀಗೆ ಜೀನು ತಿದ್ದಿದ ಬ್ಯಾಕ್ಟೀರಿಯಾ ಗಟಾರಕ್ಕೆ, ಹಳ್ಳಕ್ಕೆ ಸೇರಿದರೆ ಗತಿ ಏನು?
(ಗೃಹಿಣಿ, ಗದಗ-ಬೆಟಗೇರಿ)

ಉತ್ತರ: ಕಾರ್ಖಾನೆಗೆ ಸಾಮಾನ್ಯವಾಗಿ ಬಳಸುವ ಇ. ಕೋಲೈ ಪ್ರಯೋಗಾಲಯದ ಸಾಕು ತಳಿ, ಅಕ್ಕಾ. ಕೆ-12 ಎಂಬ ತಳಿಯನ್ನು 1922ರಲ್ಲಿ ಬೇರೆ ಮಾಡಿ ಇಟ್ಟದ್ದು. ಅಲ್ಲಿಂದ ಇಲ್ಲಿಯ ತನಕ ಬಾಟಲಿಯಲ್ಲೇ ಬೆಳೆದು, ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವ ಶಕ್ತಿ ಕಳೆದುಕೊಂಡಿದೆ. ಮೇಲಾಗಿ ನಾವು ಅದರ ಸಕ್ಕರೆಯನ್ನೆಲ್ಲ ಕಸಿದು ಬೇರೆ ಕೆಲಸಕ್ಕೆ ಹಚ್ಚಿರುತ್ತೇವೆ. ಹಳ್ಳದ ಗಟ್ಟಿ ಬ್ಯಾಕ್ಟೀರಿಯಾಗಳ ಜೊತೆ ಅದು ಪೈಪೋಟಿ ಮಾಡುವುದು ಕಷ್ಟ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಬಹುಪಾಲು ಇಂಥ ಬ್ಯಾಕ್ಟೀರಿಯಾ ಅಥವಾ ಯೀಸ್ಟಿನಿಂದಲೇ ಬರುತ್ತದೆ. 1982ರಿಂದ ಇದು ಮಾರುಕಟ್ಟೆಯಲ್ಲಿದೆ. ನಮ್ಮ ದೇಶದಲ್ಲಿ 1989ರ ನಿಯಮಗಳಿವೆ. ಜೀನು ತಿದ್ದಿದ ಜೀವಿಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಲು ಸಮಿತಿಗಳ ಒಪ್ಪಿಗೆ ಬೇಕು. ಟ್ಯಾಂಕಿನದನ್ನು ಹೊರಗೆ ಬಿಡುವ ಮುಂಚೆ ಕಾಯಿಸಿಯೋ ಬೇರೆ ರೀತಿಯೋ ಬ್ಯಾಕ್ಟೀರಿಯಾವನ್ನು ಸಾಯಿಸುತ್ತಾರೆ.

ನನಗೆ ಬ್ಯಾಕ್ಟೀರಿಯಾಗಿಂತ ಜಾಸ್ತಿ ಚಿಂತೆ ಆ ಹೊರಗೆ ಬರುವ ನೀರಿನದೇ. ಸತ್ತ ಬ್ಯಾಕ್ಟೀರಿಯಾ, ಉಳಿದ ಸಕ್ಕರೆ, ಉಪ್ಪು ಎಲ್ಲ ಇರುವ ನೀರು ಹಾಗೇ ಹಳ್ಳಕ್ಕೆ ಬಿದ್ದರೆ, ಅಲ್ಲಿನ ಗಾಳಿ ಖಾಲಿಯಾಗಿ ಮೀನು ಸಾಯುತ್ತವೆ. 1980ರ ದಶಕದಲ್ಲಿ ಕಾರ್ಖಾನೆ ನೀರಿನ ವಿರುದ್ಧ ತುಂಗಭದ್ರಾ ದಂಡೆಯಲ್ಲಿ ಜನ ಹೋರಾಡಿದ್ದು ನಮ್ಮ ಭಾಗದ ಹಿರಿಯರಿಗೆ ನೆನಪಿದೆ. ಇಂಥ ಕಾರ್ಖಾನೆ ಬರುತ್ತದೆ ಎಂದು ಸಾರ್ವಜನಿಕ ಅಹವಾಲು ಸಭೆ ಕರೆದರೆ ತಪ್ಪದೆ ಹೋಗಿ. ಮೊದಲು ಕೇಳಬೇಕಾದ್ದು: ದಿನಕ್ಕೆ ಎಷ್ಟು ಲೀಟರ್ ನೀರು ಎಲ್ಲಿಂದ ತೆಗೆಯುತ್ತೀರಿ, ಎಲ್ಲಿಗೆ ಬಿಡುತ್ತೀರಿ?

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಈ ಕ್ಷೇತ್ರಕ್ಕೆ ಬರಬೇಕು ಅಂತ ಆಸೆ. ಈಗ ಏನು ಮಾಡಲಿ?
(ವಿದ್ಯಾರ್ಥಿನಿ)

ಉತ್ತರ: ಜೀನು ಕತ್ತರಿಸುವುದನ್ನು ಆಮೇಲೆ ಕಲಿಯಬಹುದು, ತಂಗಿ. ಮೊದಲು ಲೆಕ್ಕ ಇಡುವುದು ಕಲಿ. ಒಂದು ಲೀಟರ್ ಹಾಲು ತಗೊ, ಒಂದು ಚಮಚ ಹೆಪ್ಪು ಹಾಕು. ಎರಡು ತಾಸಿಗೊಮ್ಮೆ ಹತ್ತು ಮಿಲಿಲೀಟರ್ ತೆಗೆದು, ಫಿನಾಲ್ಫ್ತಲೀನ್ ಎರಡು ಹನಿ ಬಿಟ್ಟು, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಷನ್ ಮಾಡು. ಎಷ್ಟು ಆಮ್ಲ ಆಯಿತು ಬರೆದಿಡು. ಹಾಲಿನಲ್ಲಿದ್ದ ಸಕ್ಕರೆ ಲೀಟರಿಗೆ ಸುಮಾರು 48 ಗ್ರಾಂ. ಅದರಲ್ಲಿ ಎಷ್ಟು ಆಮ್ಲವಾಯಿತು, ಎಷ್ಟು ಹಾಗೇ ಉಳಿಯಿತು, ಒಂದು ಹಂತದಲ್ಲಿ ಬ್ಯಾಕ್ಟೀರಿಯಾ ಯಾಕೆ ನಿಲ್ಲಿಸಿತು? ಫಲಿತಾಂಶದ ಹಾಳೆಯನ್ನು ನನಗೆ ಕಳಿಸು, ಮುಂದಿನ ಸಲ ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ.