ಶಿರಸಿಯ ಹಳೇ ಟಾಕೀಸು ಮೊದಲು ನಾಟಕ ಮಂದಿರವಾಗಿತ್ತಾ?

ಈಗ ಗೋಡೌನ್ ಆಗಿರುವ ನಿಮ್ಮ ಕೇರಿಯ ಟಾಕೀಸಿನಲ್ಲಿ ಮೊದಲು ನಾಟಕ ಆಡುತ್ತಿದ್ದರಾ ಅಂತ ಕೇಳಿದ್ದೀರಿ. ಕಟ್ಟಡವೇ ಹೇಳುತ್ತದೆ. ಸಿನಿಮಾ ಪರದೆ ಇದ್ದ ಜಾಗದ ಹಿಂದೆ ಹೋಗಿ ನೋಡಿ. ಸಿನಿಮಾಕ್ಕೆಂದೇ ಕಟ್ಟಿದ್ದರೆ ಅಲ್ಲಿ ಸ್ಪೀಕರ್ ಇಡುವಷ್ಟು ಜಾಗ ಸಾಕು. ನಾಟಕಕ್ಕೆ ಆಳವಾದ ರಂಗ ಬೇಕು, ಬದಿಯಲ್ಲಿ ನಟರು ಮರೆಯಾಗಿ ನಿಲ್ಲುವ ಸೈಡ್‌ವಿಂಗ್, ಹಿಂದೆ ಬಣ್ಣ ಹಚ್ಚುವ ಕೋಣೆ ಬೇಕು. ನಾಟಕದ ಪರದೆ ಎಳೆಯುವ ರಾಟೆಯ ಗುರುತು ತೊಲೆಯಲ್ಲಿ ಇನ್ನೂ ಇರಬಹುದು. ಪ್ರೊಜೆಕ್ಟರ್ ಕೋಣೆಯ ಚಿರೆಕಲ್ಲು ಹಳೇ ಗೋಡೆಗೆ ಕಚ್ಚದೆ ಬೇರೆ ನಿಂತಿದ್ದರೆ, ಆಮೇಲೆ ಸೇರಿಸಿದ್ದು ಅನ್ನಬಹುದು. ನೆಲ ನೋಡಿ ತೀರ್ಮಾನ ಬೇಡ, ಗೋಡೌನ್ ಮಾಡುವಾಗ ಟಾಕೀಸಿನ ಇಳಿಜಾರು ನೆಲವನ್ನು ತುಂಬಿಸಿ ಸಮ ಮಾಡಿರಬಹುದು ಅಲ್ವಾ. 1964ರ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಲೈಸೆನ್ಸ್ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿ (ಡಿಸಿ). ಹಾಗಾಗಿ ಹಳೇ ಕಡತವನ್ನು ಕಾರವಾರದ ಡಿಸಿ ಕಚೇರಿಯಲ್ಲಿ ಕೇಳಿ. ದಯವಿಟ್ಟು, ಯಾರಾದರೂ ಕೆಡವುವ ಮುಂಚೆ ಎಲ್ಲದರ ಫೋಟೋ ತೆಗೆದಿಡಿ.