ಹೊಗೆ ಮತ್ತು ಹೊಂಗೆ

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರ ಪತ್ರ: ‘ವಿಮಾನದ ಹೊಗೆಗೆ ಬೆಲೆ ಕಟ್ಟಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಮಕ್ಕಳು ಈಗಷ್ಟೇ ವಿಮಾನ ಹತ್ತುತ್ತಿದ್ದಾರೆ. ಇಷ್ಟು ದಿನ ಹಾರಾಡಿ ಹೊಗೆ ತುಂಬಿದವರು ಬೇರೆಯವರು. ನಮ್ಮ ಟಿಕೆಟ್ ಯಾಕೆ ಏರಬೇಕು ಸ್ವಾಮಿ?’

ಸಂಪಾದಕರ ಉತ್ತರ: ನ್ಯಾಯವಾದ ಮಾತೇ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿಗೂ ಟಿಕೆಟ್ ಕೊಟ್ಟಾಗ ಹಾಸನದಲ್ಲಿ ಎದೆ ಉಬ್ಬಿಸಿದವರಲ್ಲಿ ನಾನೂ ಒಬ್ಬ. ಆಯ್ತಾ? ಇನ್ನು ನನ್ನ ಸರದಿ.

ವಿಮಾನಕ್ಕೆ ಹಾಕುವುದು ಸೀಮೆಎಣ್ಣೆ ಜಾತಿಯ ಎಣ್ಣೆ. ಒಂದು ಕಿಲೋ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಮೂರಾಗೋದು ಹೇಗೆ ಸಾರ್ ಅಂತ ನಮ್ಮ ಡಿಟಿಪಿ ಹುಡುಗ ಕೇಳಿದ. ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತೆ ಮಾರಾಯ ಎಂದೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವವರ ತಲೆಗೆ ಇದು ಸುಮಾರು ನೂರು ಕಿಲೋ ಬೀಳುತ್ತದೆ. ಟನ್ನಿಗೆ ಎರಡು ಸಾವಿರ ಹಾಕಿದರೂ ಇನ್ನೂರು ರೂಪಾಯಿ. ವಿಮಾನ ನಿಲ್ದಾಣದಲ್ಲಿ ಒಂದು ಲೋಟ ಕಾಫಿಗೆ ಸುಮ್ನೆ ಅಷ್ಟು ಕೊಡ್ತೀವಿ, ಅಲ್ವಾ? ಅದರಲ್ಲಿ ನಿಮಗೆಷ್ಟು ಬಂತು ಎಂದು ಕೇಳಿ ಹೊಟ್ಟೆ ಉರಿಸಲ್ಲ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಡೆ. ದೇಶದೇಶಗಳ ನಡುವಿನ ವಿಮಾನ ಸಂಚಾರಕ್ಕೆಂದು ಮಾಡಿಕೊಂಡ 1944ರ ಶಿಕಾಗೋ ಒಪ್ಪಂದದಲ್ಲಿ, ಹೊರದೇಶದಿಂದ ಬಂದಿಳಿದ ವಿಮಾನದ ಟ್ಯಾಂಕಿನಲ್ಲಿರುವ ಎಣ್ಣೆಗೆ ಸುಂಕ ಹಾಕಬಾರದು ಎಂದು ಬರೆದುಕೊಂಡರು. ಆಮೇಲೆ ದೇಶದೇಶಗಳು ಮಾಡಿಕೊಂಡ ಒಪ್ಪಂದಗಳಲ್ಲಿ, ಅಲ್ಲೇ ತುಂಬಿಸಿಕೊಳ್ಳುವ ಎಣ್ಣೆಗೂ ವಿನಾಯಿತಿ ಬಂತು. ಒಳನಾಡಿನ ವಿಮಾನಗಳು ತೆರಿಗೆ ಕಟ್ಟುತ್ತವೆ, ಇಲ್ಲ ಅನ್ನಲ್ಲ. ಆದರೆ ನಿಮ್ಮ ಟಿಲ್ಲರಿನ ಡೀಸೆಲ್‌ಗೆ ತೆರಿಗೆ, ಲಂಡನ್ನಿಗೆ ಹಾರುವವರ ಎಣ್ಣೆಗೆ ಮಾಫಿ! ಆ ಹೊಗೆಯಿಂದ ಭೂಮಿ ಬಿಸಿಯಾಗಿ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಆಕಾಶ ನೋಡುವವರು ಮಾತ್ರ ನೀವು.

ಹಾಸನದ ಪಕ್ಕದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ, ನೋಡಿದ್ದೀರಾ? ನಾನು ಹೋದಾಗ ಗಾಣದಿಂದ ಹೊಂಗೆ ಎಣ್ಣೆ ಇಳಿಯುತ್ತಿತ್ತು. ದಪ್ಪಗೆ, ಕಂದು ಬಣ್ಣ, ಮೂಗಿಗೆ ಹತ್ತುವ ಕಹಿ ವಾಸನೆ. ಅಜ್ಜಿ ದೀಪಕ್ಕೆ ಹಾಕುತ್ತಿದ್ದದ್ದು ಇದನ್ನೇ. ಇಂಥ ಎಣ್ಣೆಗಳಿಂದ, ಒಟ್ಟು ಲೆಕ್ಕದಲ್ಲಿ ಹೊಗೆ ಕಡಿಮೆಯಾಗುವ ವಿಮಾನದ ಇಂಧನವನ್ನೂ ಮಾಡಬಹುದು. 2018ರಲ್ಲಿ ಕಾಡುಹರಳಿನ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಿ ಡೆಹ್ರಾಡೂನ್‌ನಿಂದ ದಿಲ್ಲಿಗೆ ಹಾರಿಸಿಯೂ ಆಯಿತು. ಮತ್ತೇಕೆ ದಿನಾ ಹಾರಿಸುವುದಿಲ್ಲ? ಇಂಥ ಇಂಧನದ ಬೆಲೆ ಮಾಮೂಲಿ ಎಣ್ಣೆಯ ಎರಡರಿಂದ ಐದು ಪಟ್ಟು. ಇನ್ನು ನಮ್ಮೂರ ಕಡೆ ಹೊಂಗೆಕಾಯಿ ಆಯ್ದು, ಒಡೆದು, ಬೀಜ ತೆಗೆದರೆ ಆಳಿನ ಕೂಲಿಯೇ ಹುಟ್ಟಲ್ಲ. ಹೊಗೆ ಪುಕ್ಕಟೆ ಆಗಿರುವ ತನಕ ಹೊಂಗೆ ದುಬಾರಿಯೇ. ಹೊರದೇಶಕ್ಕೆ ಹಾರುವ ವಿಮಾನಗಳಲ್ಲಿ 2027ಕ್ಕೆ ನೂರಕ್ಕೆ 1, 2030ಕ್ಕೆ 5 ಪಾಲು ಇಂಥ ಇಂಧನ ಬೆರೆಸುವ ಗುರಿಯನ್ನು ನಮ್ಮ ಸರ್ಕಾರ ಇಟ್ಟುಕೊಂಡಿದೆ. ಬೀಜ ಆಯುವ ಹೆಂಗಸಿನ ಕೈಗೆ ಅದರಲ್ಲಿ ನಾಲ್ಕು ಕಾಸು ಬರಲಿ ಎಂದು ಬರೆದರೆ, ನೀವು ನನ್ನನ್ನು ಟಿಕೆಟ್ ಏರಿಸುವವ ಅಂತೀರಿ!

ನಮ್ಮ ಕಚೇರಿ ಮುಂದೆಯೂ ಒಂದು ಹೊಂಗೆ ಮರ ಇತ್ತು. ಹೋದ ವರ್ಷ ಚರಂಡಿ ಕೆಲಸಕ್ಕೆ ಅಂತ ಕಡಿದರು. ಚರಂಡಿ ಇನ್ನೂ ಆಗಿಲ್ಲ. ಮಧ್ಯಾಹ್ನ ಸ್ಕೂಟರ್ ಸೀಟು ಮುಟ್ಟೋಕಾಗಲ್ಲ.