ಎಕ್ಸ್‌ಟೆನ್ಷನ್ ಹಾಕುವಾಗ ಮಾತ್ರ ಟೇಬಲ್ ಮಾಯ!

ಪ್ರಶ್ನೆ: ಸರ್, ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಒಂದರ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಯಾರು ಯಾವ ಟೇಬಲ್ ಬದಲಿಸಿದರು ಅಂತ ಬರೆದಿಡಲು ಒಂದು ಇವೆಂಟ್ ಟ್ರಿಗರ್ (ಟೇಬಲ್ ಮಾಡುವ, ಬದಲಿಸುವಂಥ ಕಮಾಂಡ್ ಓಡಿದಾಗ ತಾನೇ ಏಳುವ ಫಂಕ್ಷನ್) ಇಟ್ಟಿದ್ದೇನೆ. ಅದು ‘ಡಿಡಿಎಲ್_ಲಾಗ್’ ಎಂಬ ಟೇಬಲ್‌ನಲ್ಲಿ ಬರೆದಿಡುತ್ತದೆ. ಇಷ್ಟು ದಿನ ತಕರಾರಿರಲಿಲ್ಲ. ಮೊನ್ನೆ ತೋಟಗಳ ನಕ್ಷೆಗೆಂದು ‘ಜಿಐಎಸ್’ ಎಂಬ ಬೇರೆ ಸ್ಕೀಮಾದಲ್ಲಿ (ಡೇಟಾಬೇಸ್‌ನೊಳಗೆ ಟೇಬಲ್‌ಗಳನ್ನು ಗುಂಪಾಗಿಡುವ ಜಾಗ) ಪೋಸ್ಟ್‌ಜಿಐಎಸ್ ಎಂಬ ನಕ್ಷೆಯ ಎಕ್ಸ್‌ಟೆನ್ಷನ್ ಹಾಕಲು ಹೋದರೆ ‘ಡಿಡಿಎಲ್_ಲಾಗ್ ಟೇಬಲ್ ಇಲ್ಲ’ ಎಂಬ ಎರರ್. ಟೇಬಲ್ ಪಬ್ಲಿಕ್ ಸ್ಕೀಮಾದಲ್ಲಿ ಕಣ್ಣೆದುರೇ ಇದೆ. ಪೋಸ್ಟ್‌ಜಿಐಎಸ್ ಕೆಟ್ಟಿದೆಯಾ?

ಉತ್ತರ: ಪೋಸ್ಟ್‌ಜಿಐಎಸ್‌ದೇನೂ ತಪ್ಪಿಲ್ಲ. ಎರರ್ ಕೆಳಗಿನ ಕಾಂಟೆಕ್ಸ್ಟ್ ಸಾಲು ಓದಿ. ಅಲ್ಲಿ ನಿಮ್ಮದೇ ಟ್ರಿಗರ್ ಫಂಕ್ಷನ್ ಹೆಸರಿರುತ್ತದೆ.

ಎಕ್ಸ್‌ಟೆನ್ಷನ್ ಹಾಕುವುದು ಅಂದರೆ ಒಂದು ಉದ್ದನೆಯ ಸ್ಕ್ರಿಪ್ಟ್ ಓಡಿಸುವುದು. ಅದರೊಳಗಿನ ಒಂದೊಂದು ಕ್ರಿಯೇಟ್ ಕಮಾಂಡಿಗೂ ನಿಮ್ಮ ಟ್ರಿಗರ್ ಏಳುತ್ತದೆ. ಆ ಹೊತ್ತಿಗೆ ಪೋಸ್ಟ್‌ಗ್ರೆಸ್ ಸರ್ಚ್ ಪಾಥ್, ಅಂದರೆ ಬರೀ ಹೆಸರು ಹೇಳಿದರೆ ಯಾವ ಸ್ಕೀಮಾಗಳಲ್ಲಿ ಹುಡುಕಬೇಕೆಂಬ ಪಟ್ಟಿ, ಬದಲಿಸಿರುತ್ತದೆ. ಜಿಐಎಸ್ ಇರುತ್ತದೆ, ಪಬ್ಲಿಕ್ ಇರುವುದಿಲ್ಲ. ವಿಜಯಪುರದ ಆಟೋದವರಿಗೆ ಸುಮ್ನೆ ‘ಸ್ಟೇಷನ್ ರೋಡ್’ ಅಂದರೆ ಸಾಕು. ಬಾಗಲಕೋಟೆಯಲ್ಲಿ ಹಾಗೇ ಅಂದರೆ ಅಲ್ಲಿನ ಸ್ಟೇಷನ್ ರೋಡಿಗೇ ಬಿಡುತ್ತಾರೆ, ಅಲ್ವಾ? ನಿಮ್ಮ ಫಂಕ್ಷನ್ ಊರಿನ ಹೆಸರು ಹೇಳದೆ ಬರೀ ‘ಡಿಡಿಎಲ್_ಲಾಗ್’ ಅಂದಿದೆ. ಅನುಮಾನವಿದ್ದರೆ ಫಂಕ್ಷನ್‌ನ ಮೊದಲ ಸಾಲಿಗೆ ಒಂದು ರೈಸ್ ವಾರ್ನಿಂಗ್ ಹಾಕಿ ಸರ್ಚ್ ಪಾಥ್ ಪ್ರಿಂಟ್ ಮಾಡಿ ನೋಡಿ.

ಟೇಬಲ್ ಹೆಸರಿಗೆ ಮೊದಲು ‘ಪಬ್ಲಿಕ್’ ಮತ್ತು ಚುಕ್ಕೆ ಸೇರಿಸಿ ‘ಪಬ್ಲಿಕ್.ಡಿಡಿಎಲ್_ಲಾಗ್’ ಎಂದು ಬರೆದರೆ ಎರರ್ ಹೋಗುತ್ತದೆ. ಆದರೆ ಲಾಗ್‌ನಲ್ಲಿ ಒಮ್ಮೆಗೇ ನೂರಾರು ಸಾಲು ಬಂದು ಕೂರುತ್ತವೆ. ಪೋಸ್ಟ್‌ಗ್ರೆಸ್ 9.5ರಿಂದ, ಟ್ರಿಗರ್‌ಗೆ ಕಮಾಂಡ್‌ಗಳ ಪಟ್ಟಿ ಕೊಡುವ ಫಂಕ್ಷನ್‌ನಲ್ಲಿ ‘ಇನ್_ಎಕ್ಸ್‌ಟೆನ್ಷನ್’ ಎಂಬ ಕಾಲಂ ಇದೆ. ಅದು ಟ್ರೂ ಇರುವ ಸಾಲುಗಳನ್ನು ಬಿಟ್ಟುಬಿಡಿ. ಕ್ರಿಯೇಟ್ ಎಕ್ಸ್‌ಟೆನ್ಷನ್‌ದು ಒಂದೇ ಸಾಲು ಉಳಿಯುತ್ತದೆ. ಬರೀ ಈ ಫಿಲ್ಟರ್ ಹಾಕಿ ಹೆಸರು ಹಾಗೇ ಬಿಟ್ಟರೆ ಮಾತ್ರ ಎರರ್ ಹೋಗಲ್ಲ. ಒಂದೂ ಸಾಲು ಸೇರಿಸದಿದ್ದರೂ ಇನ್ಸರ್ಟ್ ಮೊದಲು ಟೇಬಲ್ಲನ್ನೇ ಹುಡುಕುತ್ತದೆ.

ಇನ್ನೊಂದು. ನಾನೇ ಪೆಟ್ಟು ತಿಂದಿದ್ದರಿಂದ ಹೇಳುತ್ತಿದ್ದೇನೆ. ಒಂದು ಕಡೆ ನನ್ನ ಟ್ರಿಗರ್, ತಿಂಗಳಿಗೊಂದು ಲಾಗ್ ಟೇಬಲ್ಲನ್ನು ತಾನೇ ಮಾಡಿಕೊಳ್ಳುತ್ತಿತ್ತು. ಒಮ್ಮೆ ಎಕ್ಸ್‌ಟೆನ್ಷನ್ ಹಾಕುವ ಹೊತ್ತಿಗೇ ಆ ತಿಂಗಳ ಟೇಬಲ್ ಹುಟ್ಟಿತು. ಸ್ಕ್ರಿಪ್ಟ್ ಓಡುವಾಗ ಹುಟ್ಟಿದ್ದೆಲ್ಲ ಎಕ್ಸ್‌ಟೆನ್ಷನ್‌ನ ಆಸ್ತಿ. ಆಮೇಲೆ ಎಕ್ಸ್‌ಟೆನ್ಷನ್ ಡ್ರಾಪ್ ಮಾಡಿದಾಗ ಲಾಗ್ ಕೂಡ ಹೋಯಿತು. ಬ್ಯಾಕಪ್‌ನಲ್ಲೂ ಇರಲಿಲ್ಲ, ಏಕೆಂದರೆ ಪಿಜಿ ಡಂಪ್ ಎಕ್ಸ್‌ಟೆನ್ಷನ್‌ನ ಟೇಬಲ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಟ್ರಿಗರ್ ಒಳಗೆ ಎಲ್ಲಾದರೂ ಕ್ರಿಯೇಟ್ ಟೇಬಲ್ ಇದ್ದರೆ ಇವತ್ತೇ ಕಿತ್ತುಹಾಕಿ.